ಇಳಿಯುವಾಗಿನ ತೂಕ

ಸೋಮವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಗುಲಗಂಜಿಗೆ,

ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ. ಪೂರ್ತಿ ಓದಿದರೆ ಸಿಗುತ್ತದೆ, ಅರ್ಧಕ್ಕೆ ಮಡಚಿಟ್ಟರೆ ಇಲ್ಲ. ನಾನೂ ನಿನ್ನ ಮಾವನೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದು ಅವನೇ ಹೇಳಿದ. ಅವನಿಗೆ ಮಾತ್ರ ಫೋನ್ ಮಾಡುತ್ತೀಯಲ್ಲ, ಅದೂ ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು. ಅವನು ಹಿತ್ತಲಿಗೆ ಹೋಗಿ ಪಿಸುಗುಟ್ಟುವುದು ಬಚ್ಚಲುಮನೆಯ ಕಿಟಕಿಗೆ ನೇರವಾಗಿ ಕೇಳಿಸುತ್ತದೆ. ನನ್ನ ತಮ್ಮನಿಗೆ ಅಷ್ಟು ಬುದ್ಧಿ ಇಲ್ಲ ಸರಿ, ಇನ್ಸ್‌ಪೆಕ್ಟರ್ ಆದ ನಿನಗಾದರೂ ಬೇಡವೇ?

ಫೋನಿನಲ್ಲಿ ಮಾತಾಡಿದರೆ ನಾನು ಕೂಗಾಡುತ್ತೇನೆ, ನೀನು ಸುಮ್ಮನಾಗುತ್ತೀಯ, ನೀನು ಸುಮ್ಮನಾದೆ ಅಂತ ನಾನು ಇನ್ನೂ ಕೂಗಾಡುತ್ತೇನೆ. ಕಾಗದದಲ್ಲಿ ಎಷ್ಟು ಕೂಗಿದರೂ ಅಕ್ಷರ ಅಷ್ಟೇ ಗಾತ್ರ ಇರುತ್ತದೆ. ಹಾಗಾಗಿ ಬರೆಯಲು ಕುಳಿತಿದ್ದೇನೆ.

ಮೊದಲು ನನ್ನ ಸಿಟ್ಟನ್ನು ಬರೆದು ಮುಗಿಸುತ್ತೇನೆ. ಆ ದಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನೀನೂ ಇದ್ದೆ, ನಿಜ. ಆದರೆ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂದು ನಿನಗೆ ಗೊತ್ತಿಲ್ಲ. ಕೂಸುಗಳನ್ನು ತೂಗುವ ಆ ಯಂತ್ರದ ಸ್ಪ್ರಿಂಗ್ ಬದಲಾಯಿಸಿ ರಿಪೇರಿ ಮಾಡಿದ್ದು ನಾನು. ಅದಕ್ಕೆ ಸೀಲ್ ಹಾಕಲು ತೂಕ ಮತ್ತು ಅಳತೆ ಕಚೇರಿಯಿಂದ ಬರುವ ಇನ್ಸ್‌ಪೆಕ್ಟರ್ ನೀನೇ ಎಂದು ತಿಳಿದಾಗ ಹಿಗ್ಗಿ ಹೀರೇಕಾಯಿಯಾಗಿದ್ದೆ. ದೊಡ್ಡ ನರ್ಸಮ್ಮನಿಗೆ ಮುಂಚೆಯೇ ಹೇಳಿಟ್ಟಿದ್ದೆ, ನಮ್ಮ ಹುಡುಗೀನೇ ಬರ್ತಾಳೆ ಬಿಡಿ, ಸೀಲ್ ಒತ್ತಿ ಟೀ ಕುಡಿದು ಹೋಗೋ ಅಷ್ಟೇ ಕೆಲಸ ಅಂತ. ಒಳ್ಳೆ ಸೀರೆ ಬೇರೆ ಉಟ್ಟುಕೊಂಡು ಬಂದಿದ್ದೆ.

ನೀನು ಬಂದೆ. ಕೈಯಲ್ಲಿ ಕಚೇರಿಯ ತೂಕದ ಬಟ್ಟುಗಳ ಪೆಟ್ಟಿಗೆ. ಯಂತ್ರವನ್ನು ಮುಟ್ಟಲೇ ಇಲ್ಲ. ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತು, ನರ್ಸುಗಳು ಕೂಸುಗಳನ್ನು ತೂಗುವುದನ್ನು ನೋಡುತ್ತಾ ಬೆಳಗ್ಗೆಯೆಲ್ಲ ಕಳೆದೆ. ಪಾಪ, ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿದ್ದಾಳೆ, ನಿಂತಲ್ಲೇ ತೂಕಡಿಸುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನೀನು ಪೆಟ್ಟಿಗೆ ತೆರೆದು ಬಟ್ಟು ಏರಿಸಿದೆ, ಇಳಿಸಿದೆ, ಏನೋ ಬರೆದೆ, ಮತ್ತೆ ಏರಿಸಿದೆ, ಮತ್ತೆ ಇಳಿಸಿದೆ. ಕೊನೆಗೆ ಚೀಲದಿಂದ ಸೀಲ್ ತೆಗೆಯುತ್ತೀಯ ಎಂದು ನೋಡಿದರೆ, ಕೆಂಪು ಚೀಟಿ ತೆಗೆದು ಯಂತ್ರದ ಮುಖಕ್ಕೇ ಅಂಟಿಸಿದೆ. ತಿರಸ್ಕರಿಸಲಾಗಿದೆ, ಬಳಸಬಾರದು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ದುರಸ್ತಿ ಮಾಡಿದವರು ಇಲ್ಲಿ ಸಹಿ ಹಾಕಬೇಕು ಅಂದೆಯಲ್ಲ, ನುಂಗಲಾಗದ್ದು ಅದು. ನಿನ್ನ ತಲೆಯಿಂದ ಹೇನು ತೆಗೆದವಳು ನಾನು, ನಿನಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು, ಇಡೀ ವಾರ್ಡಿನ ಎದುರಿಗೆ ದುರಸ್ತಿ ಮಾಡಿದವರು ಆಗಿಹೋದೆ. ದೊಡ್ಡ ನರ್ಸಮ್ಮ ಟೀ ಲೋಟ ಹಿಡಿದುಕೊಂಡು ಅತ್ತ ಇಟ್ಟುಬಿಡಲೂ ಆಗದೆ, ಇತ್ತ ಕೊಡಲೂ ಆಗದೆ ನಿಂತಿದ್ದರು.

ವರಾಂಡದಲ್ಲಿ ನಾನು ಏನಂದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. ಈ ತಕ್ಕಡಿ ಅಂಗಡಿ ನಡೆಸಿದ ನಿನ್ನ ತಾತನ ಹೆಸರಿಗೆ ಮಸಿ ಬಳಿದೆ, ಇನ್ನು ಅಂಗಡಿ ಮೆಟ್ಟಿಲು ಹತ್ತಬೇಡ ಅಂದೆ. ನೀನು ಗಟ್ಟಿಯಾಗಿ ಜಗಳವಾಡಿದ್ದರೆ ಒಂದು ರೀತಿ. ಅಮ್ಮ, ನಾನು ನಿನ್ನನ್ನ ತಿರಸ್ಕರಿಸಿಲ್ಲ, ಸ್ಪ್ರಿಂಗನ್ನ ತಿರಸ್ಕರಿಸಿದೀನಿ ಅಂತ ಮೆಲ್ಲಗೆ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ. ನಿನಗೆಂದು ಕಟ್ಟಿ ತಂದಿದ್ದ ಊಟದ ಡಬ್ಬಿ ಹಾಗೇ ವಾಪಸ್ ಬಂತು. ನಿನ್ನ ಮಾವ ತಿಂದ. ಅವನಿಗೆ ಯಾವ ದುಃಖದಲ್ಲೂ ಹಸಿವು ತಪ್ಪುವುದಿಲ್ಲ.

ಸಿಟ್ಟು ಇಷ್ಟೇ. ಈಗ ಮುಂದಿನದನ್ನು ಕೇಳು.

ನಿನ್ನ ಚೀಟಿಯಲ್ಲಿ ಕಾರಣ ಎಂದು ಒಂದು ಸಾಲು ಇತ್ತು. ಹಿಸ್ಟೆರಿಸಿಸ್ ಮಿತಿ ಮೀರಿದೆ. ಅದರ ಬೆನ್ನಿಗೇ ನಿನ್ನ ಕಚೇರಿಯಿಂದ ನೋಟಿಸ್ ಬಂತು. ಯಂತ್ರವನ್ನು ತಿಂಗಳೊಳಗೆ ಸರಿಮಾಡಿ ಮತ್ತೆ ಪರೀಕ್ಷೆಗೆ ಒಡ್ಡಬೇಕು, ಎರಡನೆಯ ಸಲವೂ ತಿರಸ್ಕಾರವಾದರೆ ಅಂಗಡಿಯ ರಿಪೇರಿ ಲೈಸೆನ್ಸ್ ರದ್ದು. ಆ ಲೈಸೆನ್ಸ್ ಗೋಡೆಯ ಮೇಲೆ ತಾತನ ಫೋಟೋ ಪಕ್ಕದಲ್ಲಿ ನೇತಾಡುವುದನ್ನು ನೋಡಿಕೊಂಡೇ ನೀನು ಬೆಳೆದೆ. ಹೆಂಗಸಿಗೆ ತಕ್ಕಡಿ ರಿಪೇರಿ ಲೈಸೆನ್ಸ್ ಯಾಕೆ ಎಂದು ಕೇಳಿದವರ ಎದುರಿಗೆ ಹಟ ಹಿಡಿದು ನನ್ನ ಹೆಸರಿಗೆ ಮಾಡಿಸಿಕೊಂಡದ್ದು ಅದು. ಅದು ಹೋದರೆ ನಾನು ಗೋಡೆಯಲ್ಲಿರುವ ಮೊಳೆಯನ್ನು ನೋಡುತ್ತಾ ಕೂರಬೇಕು.

ಆಸ್ಪತ್ರೆಯವರು ಬೇರೆ ಯಂತ್ರ ತರಿಸಿಕೊಂಡು ನಮ್ಮದನ್ನು ಅಂಗಡಿಗೆ ಕಳಿಸಿದರು. ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತೆ. ತಾತ ಕಲಿಸಿದ ಹಾಗೆ ಒಂದೊಂದೇ ಬಟ್ಟು ಏರಿಸಿದೆ. ಪ್ರತಿ ಬಟ್ಟಿಗೂ ಮುಳ್ಳು ಗೆರೆಯ ಮೇಲೇ ನಿಂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೊನೆಗೆ ಅಷ್ಟೂ ಬಟ್ಟುಗಳನ್ನು ಎರಡೂ ಕೈಯಿಂದ ಒಂದೇ ಸಲ ಬಾಚಿ ತೆಗೆದೆ. ಮುಳ್ಳು ಟಕ್ ಎಂದು ಸೊನ್ನೆಗೆ ಬಂದು ಕೂತಿತು. ತಾತ ಹೀಗೆ ಬಾಚಿ ತೆಗೆದು, ಚಪ್ಪಾಳೆ ಬೀಳುತ್ತದೋ ಎನ್ನುವಂತೆ ಸುತ್ತಲೂ ನೋಡುತ್ತಿದ್ದದ್ದು ನಿನಗೆ ನೆನಪಿರಬೇಕು. ನಾನೂ ಸುತ್ತಲೂ ನೋಡಿದೆ. ಇದ್ದವನು ನಿನ್ನ ಮಾವ ಒಬ್ಬನೇ, ಅವನು ಕಡಲೆಬೀಜ ತಿನ್ನುತ್ತಿದ್ದ.

ಯಂತ್ರ ಸರಿ ಇದೆ, ಹುಡುಗಿಗೆ ಕೆಲಸ ಬರುವುದಿಲ್ಲ ಅಂದೆ. ನಿನ್ನ ಸಾಹೇಬರಿಗೆ ದೂರು ಬರೆಯಲು ಕುಳಿತೆ. ಹೌದು, ಬರೆದೆ. ಅರ್ಧ ಬರೆದೆ. ತಾವು ಕೊಟ್ಟ ಕಾರಣ ಸುಳ್ಳು ಎಂದು ಬರೆಯಬೇಕಾದರೆ ಕಾರಣ ಏನು ಅಂತ ಗೊತ್ತಿರಬೇಕಲ್ಲ, ಅಲ್ಲಿಗೆ ಪೆನ್ನು ನಿಂತಿತು. ಹಿಸ್ಟೆರಿಸಿಸ್ ಅಂದರೆ ಏನೋ ಎಂದು ನಿನ್ನ ಮಾವನನ್ನು ಕೇಳಿದೆ. ಯಂತ್ರಕ್ಕೆ ಬರೋ ವಾತ ಇರಬೇಕು ಅಕ್ಕ, ಸ್ವಲ್ಪ ಎಣ್ಣೆ ತಿಕ್ಕು ಅಂದ.

ಕೊನೆಗೆ ನಿನ್ನ ಫಿಸಿಕ್ಸ್ ಮೇಷ್ಟ್ರ ಮನೆಗೆ ಹೋದೆ. ರಿಟೈರಾದ ಮೇಲೆ ಅವರನ್ನು ಯಾರೂ ಏನೂ ಕೇಳುವುದಿಲ್ಲ, ಒಂದು ಪದದ ಅರ್ಥ ಕೇಳಲು ಬಂದೆ ಅಂದೊಡನೆ ಕುರ್ಚಿ ಒರೆಸಿ ಕೂರಿಸಿದರು. ಅದು ಹಳೆಯ ಗ್ರೀಕ್ ಮಾತಿನಿಂದ ಮಾಡಿಕೊಂಡ ಪದವಂತೆ, ಹಿಂದೆ ಬೀಳುವುದು, ತಡವಾಗಿ ಬರುವುದು ಎಂದು ಅರ್ಥವಂತೆ. ತಡವಾಗಿ ಬರೋದಕ್ಕೆ ಇಷ್ಟು ದೊಡ್ಡ ಹೆಸರು ಇದ್ದರೆ ನಮ್ಮ ತಮ್ಮನಿಗೆ ಹುಟ್ಟಿದಾಗಿನಿಂದ ಅದೇ ಆಗಿದೆ ಅಂದೆ. ಅವರು ನಗಲಿಲ್ಲ, ಹೇಳುತ್ತಾ ಹೋದರು. ಕಬ್ಬಿಣದ ಸುತ್ತ ಕರೆಂಟು ಹರಿಸಿದರೆ ಅದು ಅಯಸ್ಕಾಂತವಾಗುತ್ತದೆ, ಕರೆಂಟು ನಿಲ್ಲಿಸಿದರೂ ಸ್ವಲ್ಪ ಅಯಸ್ಕಾಂತವಾಗಿಯೇ ಉಳಿಯುತ್ತದೆ, ಅದೂ ಹಿಸ್ಟೆರಿಸಿಸ್. ರಬ್ಬರನ್ನು ಎಳೆದು ಬಿಟ್ಟರೆ ಹೋದ ದಾರಿಯಲ್ಲೇ ವಾಪಸ್ ಬರುವುದಿಲ್ಲ, ಅದೂ ಅದೇ. ಡಾಕ್ಟರುಗಳು ಶ್ವಾಸಕೋಶಕ್ಕೂ ಇದೇ ಪದ ಬಳಸುತ್ತಾರಂತೆ, ಉಸಿರು ತುಂಬುವಾಗ ಅದು ಹಿಗ್ಗುವುದು ಒಂದು ದಾರಿ, ಖಾಲಿಯಾಗುವಾಗ ಕುಗ್ಗುವುದು ಇನ್ನೊಂದು ದಾರಿ. ಒಂದೇ ಪದ, ಎಷ್ಟೊಂದು ಮನೆಯಲ್ಲಿ ಬಿಡುವಿಲ್ಲದ ಕೆಲಸ. ಬಾಗಿಲವರೆಗೂ ಬಂದು ಮೇಷ್ಟ್ರು ಕೊನೆಗೊಂದು ಮಾತು ಹೇಳಿದರು. ಒಂದು ವಸ್ತು ಈಗ ಎಲ್ಲಿದೆ ಅಂತ ಹೇಳಿದ್ರೆ ಸಾಲಲ್ಲ ಅಮ್ಮ, ಅಲ್ಲಿಗೆ ಯಾವ ಕಡೆಯಿಂದ ಬಂತು ಅಂತಾನೂ ನೋಡಬೇಕು ಅಂದರು.

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಅಂಗಡಿಗೆ ಬಂದವಳೇ ಚಪ್ಪಲಿ ಬಿಡದೆ ಮತ್ತೆ ಬಟ್ಟು ಏರಿಸಿದೆ. ಎಲ್ಲ ಸರಿ. ಕೊನೆಯ ಬಟ್ಟು ಇಟ್ಟದ್ದೇ ತಡ, ನನ್ನ ಎರಡೂ ಕೈ ತಾವಾಗಿ ಬಾಚಲು ಹೋದವು. ಅಲ್ಲೇ ತಡೆದೆ. ಇಷ್ಟು ವರ್ಷದಲ್ಲಿ ನಾನಾಗಲಿ, ತಾತನಾಗಲಿ, ಬಟ್ಟುಗಳನ್ನು ಒಂದೊಂದಾಗಿ ಇಳಿಸಿ ನೋಡಿದ್ದೇ ಇಲ್ಲ. ಒಂದು ತೆಗೆದೆ, ಮುಳ್ಳು ನೋಡಿದೆ. ಇನ್ನೊಂದು ತೆಗೆದೆ, ಮುಳ್ಳು ನೋಡಿದೆ. ಮಧ್ಯಕ್ಕೆ ಬರುವಷ್ಟರಲ್ಲಿ ಮುಳ್ಳು ಗೆರೆಯಿಂದ ಮೇಲೆ ನಿಂತಿತ್ತು, ಒಂದು ಸಣ್ಣ ಲೋಟ ಹಾಲಿನಷ್ಟು ಜಾಸ್ತಿ. ಏರುವಾಗ ಅದೇ ಬಟ್ಟಿಗೆ ಸರಿಯಾಗಿ ತೋರಿಸಿದ ಮುಳ್ಳು. ಪೂರ್ತಿ ಖಾಲಿ ಮಾಡಿದರೆ ಮತ್ತೆ ಸೊನ್ನೆಗೆ ಸರಿಯಾಗಿ ಬಂದು ಕೂರುತ್ತದೆ, ಏನೂ ಅರಿಯದ ಸಾಧುವಿನ ಹಾಗೆ. ನಾವು ಬಾಚಿ ತೆಗೆದು ಸುತ್ತ ನೋಡುತ್ತಿದ್ದ ಆ ಒಂದು ಕ್ಷಣದಲ್ಲೇ ಅದು ಸುಳ್ಳು ಹೇಳಿ ಮುಗಿಸುತ್ತಿತ್ತು. ನಿನ್ನ ಮಾವ ಕಡಲೆಬೀಜ ಅಗಿಯುವುದನ್ನು ನಿಲ್ಲಿಸಿದ. ಅಷ್ಟು ಹೇಳಿದರೆ ನಿನಗೆ ಅರ್ಥವಾಗುತ್ತದೆ.

ಆದರೂ ನಾನು ಸುಲಭಕ್ಕೆ ಸೋಲುವವಳಲ್ಲ. ಇಳಿಯುವಾಗ ತಪ್ಪು ತೋರಿಸಿದರೆ ಏನಂತೆ? ಕೂಸನ್ನು ಯಾರು ಇಳಿಸುತ್ತಾ ತೂಗುತ್ತಾರೆ? ಖಾಲಿ ತಟ್ಟೆಗೆ ಕೂಸನ್ನು ಹಾಕುತ್ತಾರೆ, ಮುಳ್ಳು ಏರುತ್ತದೆ, ಏರುವಾಗ ನಮ್ಮ ಯಂತ್ರ ಸತ್ಯವನ್ನೇ ಹೇಳುತ್ತದೆ. ಹಾಗಾದರೆ ಹುಡುಗಿ ಅಷ್ಟು ಹೊತ್ತು ಅಲ್ಲಿ ನೋಡಿದ್ದೇನು ಎಂಬ ಯೋಚನೆ ಬಂತು. ಮಾರನೆಯ ಬೆಳಗ್ಗೆ ವಾರ್ಡಿಗೆ ಹೋಗಿ, ನೀನು ಒರಗಿದ್ದ ಗೋಡೆಗೇ ಒರಗಿ ನಿಂತೆ.

ತರಿಸಿಕೊಂಡಿದ್ದ ಬೇರೆ ಯಂತ್ರದಲ್ಲಿ ಒಂದು ಕೂಸನ್ನು ತೂಗಿದರು, ಏನೂ ಕಾಣಲಿಲ್ಲ. ಇನ್ನೊಂದನ್ನು ತೂಗಿದರು. ಆಗ ಮುಳ್ಳು ಬಿಟ್ಟು ನರ್ಸಿನ ಕೈ ನೋಡಿದೆ. ಕೂಸನ್ನು ತಟ್ಟೆಯ ಮೇಲೆ ಮಲಗಿಸುತ್ತಾಳೆ, ಅದು ಹೊರಳಿ ಬೀಳದಿರಲಿ ಎಂದು ಅಂಗೈಯಿಂದ ಒಂದಿಷ್ಟು ಅದುಮಿ ಹಿಡಿಯುತ್ತಾಳೆ, ಕೂಸು ಸುಮ್ಮನಾದ ಮೇಲೆ ಮೆಲ್ಲಗೆ ಕೈ ತೆಗೆಯುತ್ತಾಳೆ. ಅದುಮಿದಾಗ ಮುಳ್ಳು ಎಲ್ಲಿಗೋ ಹಾರುತ್ತದೆ. ಕೈ ತೆಗೆದಾಗ ಇಳಿದು ಬಂದು ನಿಲ್ಲುತ್ತದೆ. ಆ ವಾರ್ಡಿನಲ್ಲಿ ಒಂದು ಕೂಸಿನ ತೂಕವನ್ನೂ ಮುಳ್ಳು ಏರುತ್ತಾ ಹೇಳಿರಲಿಲ್ಲ ಮಗಳೇ, ಎಲ್ಲವೂ ಇಳಿಯುವಾಗಿನ ತೂಕ.

ದೊಡ್ಡ ನರ್ಸಮ್ಮ ಪಕ್ಕಕ್ಕೆ ಬಂದು ನಿಂತರು. ನಿಮ್ಮ ಮಗಳೂ ಹೀಗೇ ಕೈ ನೋಡ್ತಿದ್ರು ಅಂದರು. ಆಮೇಲೆ ಮೂಲೆಯ ತೊಟ್ಟಿಲಿನ ಕೂಸಿನ ವಿಷಯ ಹೇಳಿದರು. ದಿನ ತುಂಬುವ ಮೊದಲೇ ಹುಟ್ಟಿದ್ದು. ಇಷ್ಟು ತೂಕ ಬಂದರೆ ಮನೆಗೆ ಎಂದು ಡಾಕ್ಟರು ಹೇಳಿದ್ದರಂತೆ, ನಮ್ಮ ಯಂತ್ರದಲ್ಲಿ ಅಷ್ಟು ಬಂದೂ ಆಗಿತ್ತಂತೆ, ಕೂಸಿನ ತಾಯಿ ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳಂತೆ. ನೀನು ಕೆಂಪು ಚೀಟಿ ಅಂಟಿಸಿದ್ದರಿಂದ ಬೇರೆ ಯಂತ್ರದಲ್ಲಿ ಮತ್ತೆ ತೂಗಿದರು. ಕಡಿಮೆ ಬಂತು. ಗಂಟು ಬಿಚ್ಚಿಸಿ ಉಳಿಸಿಕೊಂಡರು. ನಾನು ಹೋದ ದಿನ ಅದು ನಿಜವಾದ ತೂಕಕ್ಕೆ ಬಂದಿತ್ತು, ಮನೆಗೆ ಹೊರಟಿತ್ತು. ಆ ತಾಯಿ ನನ್ನನ್ನು ಯಾರೋ ನೆಂಟರೆಂದು ತಿಳಿದು ಕೂಸನ್ನು ನನ್ನ ಕೈಗೆ ಕೊಟ್ಟಳು. ಹಿಡಿದುಕೊಂಡೆ. ನೀನೂ ಹೊತ್ತಿಗೆ ಮೊದಲೇ ಬಂದವಳು, ತಾತ ಅಂಗೈಯಲ್ಲಿ ಎತ್ತಿಕೊಂಡು, ಇದೇನು ಗುಲಗಂಜಿ ತೂಕ ಅಂದರು, ಅದೇ ಹೆಸರು ನಿಂತಿತು. ಆ ದಿನಗಳಲ್ಲಿ ನಿನ್ನ ತೂಕ ಒಂದು ಲೋಟ ಹಾಲಿನಷ್ಟು ಏರಿತು ಎಂದರೆ ಮನೆಯಲ್ಲಿ ಎಲ್ಲರೂ ಊಟ ಮರೆಯುವಷ್ಟು ಖುಷಿ ಪಡುತ್ತಿದ್ದೆವು. ಒಂದು ಲೋಟ ಎಂದರೆ ಎಷ್ಟು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನೇರವಾಗಿ ಬರೆಯುತ್ತೇನೆ, ಎರಡನೆಯ ಸಲ ಬರೆಯುವುದಿಲ್ಲ, ಚೆನ್ನಾಗಿ ಓದಿಕೋ. ನಿನ್ನ ಬಗ್ಗೆ ನನಗೆ ಎದೆ ತುಂಬಿ ಬರುವಷ್ಟು ಹೆಮ್ಮೆ ಇದೆ. ಪದ ಗೊತ್ತಿತ್ತು ಎಂದಲ್ಲ. ಪದ ಮೇಷ್ಟ್ರಿಗೂ ಗೊತ್ತಿತ್ತು, ಪುಸ್ತಕದಲ್ಲೂ ಇದೆ. ಯಂತ್ರ ಮುಟ್ಟುವ ಮೊದಲು ತೂಗುವವರ ಕೈ ನೋಡಬೇಕು ಎಂದು ನಿನಗೆ ಹೊಳೆಯಿತಲ್ಲ, ಅದಕ್ಕೆ. ಎದುರಿಗೆ ಹೆತ್ತವಳೇ ಒಳ್ಳೆ ಸೀರೆ ಉಟ್ಟು ಹಲ್ಲು ಕಿರಿಯುತ್ತಾ ನಿಂತಿದ್ದರೂ ಕೈ ನಡುಗದೆ ಚೀಟಿ ಅಂಟಿಸಿದೆಯಲ್ಲ, ಅದಕ್ಕೆ. ನಡುಗಿತ್ತು ಎಂದು ನೀನು ಫೋನಿನಲ್ಲಿ ಹೇಳಿದ್ದಾಗಿ ನಿನ್ನ ಮಾವ ಹೇಳುತ್ತಾನೆ. ನಡುಗಿಯೂ ಅಂಟಿಸಿದೆ ಎಂದರೆ ಇನ್ನೂ ಹೆಚ್ಚು.

ಯಂತ್ರ ಮಾಡಿದ ಕಂಪನಿಯಿಂದಲೇ ಅದರ ಸ್ಪ್ರಿಂಗ್ ತರಿಸಿದೆ. ಅದು ಸಿಗಲು ತಡವಾಗುತ್ತದೆಂದು ಬೇರೆಯವರ ಸ್ಪ್ರಿಂಗ್ ಹಾಕಿದ್ದೆ, ಎರಡರ ಬಿಗಿಯೂ ಒಂದೇ ಇದ್ದರೆ ಸಾಕು ಅಂದುಕೊಂಡಿದ್ದೆ. ಒಳಗಿನ ಹಲ್ಲಿನ ಚಕ್ರಗಳನ್ನೆಲ್ಲ ತೊಳೆದು ಜೋಡಿಸಿದೆ. ಏರಿಸಿ ನೋಡಿದೆ, ಇಳಿಸಿ ನೋಡಿದೆ, ಅಂಗೈಯಿಂದ ಅದುಮಿ ಬಿಟ್ಟೂ ನೋಡಿದೆ. ಮುಳ್ಳು ಈಗ ಹೋದ ದಾರಿಯಲ್ಲೇ ಬರುತ್ತಿದೆ. ಇನ್ನೊಂದು ಮಾತು, ಹಿಸ್ಟೆರಿಸಿಸ್ ಎಂದು ಹೇಳುವಷ್ಟರಲ್ಲಿ ನಿನ್ನ ಮಾವನ ನಾಲಿಗೆ ತೊಡರುತ್ತದೆ. ಇಳಿಯುವಾಗ ತಡ ಮಾಡುತ್ತದಲ್ಲ, ಅದಕ್ಕೆ ಅಂಗಡಿಯ ಮಟ್ಟಿಗೆ ಇಳಿತಡ ಎಂದು ಹೆಸರಿಟ್ಟುಕೊಂಡಿದ್ದೇವೆ. ನಿನ್ನ ಕಚೇರಿಯವರು ಒಪ್ಪದಿದ್ದರೆ ಬಿಡಲಿ.

ನಿನ್ನ ಸಾಹೇಬರು ಫೋನ್ ಮಾಡಿದ್ದರು. ಮನೆಯವರ ನಡುವೆ ಇರುಸುಮುರುಸು ಬೇಡ, ಮರುಪರೀಕ್ಷೆಗೆ ಬೇರೆ ಇನ್ಸ್‌ಪೆಕ್ಟರನ್ನು ಕಳಿಸುತ್ತೇನೆ, ಹೇಗೂ ಸರಿಮಾಡಿದ್ದೀರಿ, ಅವರು ಬೇಗ ಮುಗಿಸಿಕೊಡುತ್ತಾರೆ ಅಂದರು. ಬೇಡ ಸ್ವಾಮಿ, ತಿರಸ್ಕಾರ ಮಾಡಿದವಳೇ ಬರಲಿ, ಅವಳು ಸೀಲ್ ಹಾಕಿದರೆ ಮಾತ್ರ ಯಂತ್ರ ವಾರ್ಡಿಗೆ ಹೋಗುತ್ತೆ, ಇಲ್ಲದಿದ್ದರೆ ನನ್ನ ಲೈಸೆನ್ಸ್ ನೀವೇ ಇಟ್ಕೊಳ್ಳಿ ಅಂದೆ. ಗುರುವಾರ ಎಂದು ಗೊತ್ತುಮಾಡಿದ್ದಾರೆ. ನೀನು ಬರಬೇಕು. ಒಂದು ಗೆರೆ ತಪ್ಪಿದರೂ ಕೆಂಪು ಚೀಟಿ ಅಂಟಿಸು, ನಾನು ಸಹಿ ಹಾಕುತ್ತೇನೆ. ನನಗೆ ರಿಯಾಯಿತಿ ತೋರಿಸಿದೆಯೋ, ಆಗ ನಿಜವಾಗಿಯೂ ಅಂಗಡಿ ಮೆಟ್ಟಿಲು ಹತ್ತಬೇಡ.

ಹತ್ತಬೇಡ ಅಂದದ್ದರ ಬಗ್ಗೆ. ಆ ಸಿಟ್ಟು ಪೂರ್ತಿ ಇಳಿದಿದೆ. ಆದರೆ ಮುಳ್ಳು ಮೊದಲಿದ್ದ ಜಾಗಕ್ಕೆ ಬಂದಿಲ್ಲ, ನಿನ್ನ ವಿಷಯದಲ್ಲಿ ಅದು ಮೊದಲಿಗಿಂತ ಸ್ವಲ್ಪ ಮೇಲೇ ನಿಂತುಬಿಟ್ಟಿದೆ. ಅದನ್ನು ನಾನು ರಿಪೇರಿ ಮಾಡುವುದಿಲ್ಲ.

ಬಂದಾಗ ಬೆಳಗ್ಗೆಯೇ ಅಂಗಡಿಗೆ ಬಾ. ಮಧ್ಯಾಹ್ನ ಬಾಗಿಲು ಹಾಕಿರುತ್ತೇನೆ. ಈಚೆಗೆ ವ್ಯಾಪಾರ ಕಡಿಮೆ, ಊಟವಾದ ಮೇಲೆ ಕಣ್ಣು ಎಳೆಯುತ್ತದೆ, ಒಂದಿಷ್ಟು ಮಲಗಿ ಏಳುತ್ತೇನೆ. ವಯಸ್ಸಾಯಿತು ನೋಡು.

ಇಲ್ಲಿಯವರೆಗೆ ಓದಿದ್ದರೆ ಆಶೀರ್ವಾದ ತೆಗೆದುಕೋ. ನೂರು ವರ್ಷ ಬಾಳು, ಯಾರ ಮುಲಾಜಿಗೂ ಸೀಲ್ ಹಾಕಬೇಡ.

ಇಂತು ನಿನ್ನ
ದುರಸ್ತಿ ಮಾಡಿದವರು

ಮರೆತ ಮಾತು: ಊಟದ ಡಬ್ಬಿ ಈ ಸಲವೂ ತರುತ್ತೇನೆ. ತಿನ್ನದೆ ಹೋದರೆ ನಿನ್ನ ಮಾವ ಕಾದುಕೊಂಡಿದ್ದಾನೆ.

ಮಾವನ ಕೈಬರಹದಲ್ಲಿ:

ಕೂಸೇ, ಲಕೋಟೆಗೆ ಅಂಟು ಹಚ್ಚೋ ಅಂತ ಅಕ್ಕ ನನ್ನ ಕೈಗೆ ಕೊಟ್ಟಳು, ಓದಿಬಿಟ್ಟೆ. ಮಧ್ಯಾಹ್ನದ ನಿದ್ದೆ ಎಂಬುದು ಶುದ್ಧ ಸುಳ್ಳು. ಆ ಬೇರೆ ಕಂಪನಿಯ ಸ್ಪ್ರಿಂಗನ್ನು ಇನ್ನೂ ಕೆಲವು ಯಂತ್ರಗಳಿಗೆ ಹಾಕಿದ್ದಳಲ್ಲ, ಅದಕ್ಕೆ ದಿನಾ ಮಧ್ಯಾಹ್ನ ಬಟ್ಟಿನ ಪೆಟ್ಟಿಗೆ ನನ್ನ ಹೆಗಲಿಗೆ ಹೊರಿಸಿ ಊರೆಲ್ಲ ಸುತ್ತಿಸುತ್ತಾಳೆ. ದಿನಸಿ ಅಂಗಡಿ, ಔಷಧಿ ಅಂಗಡಿ, ಪೋಸ್ಟ್ ಆಫೀಸು, ಗುಜರಿ ಅಂಗಡಿಯನ್ನೂ ಬಿಟ್ಟಿಲ್ಲ. ಯಾರೂ ಕರೆದಿಲ್ಲ, ಯಾರ ಹತ್ತಿರವೂ ಕಾಸು ತೆಗೆದುಕೊಳ್ಳುವುದಿಲ್ಲ. ತಪ್ಪು ಕಂಡರೆ ಅಲ್ಲೇ ಬಿಚ್ಚಿ ಸ್ಪ್ರಿಂಗ್ ಬದಲಿಸಿ, ಸೀಲಿಗೆ ನಿಮ್ಮ ಕಚೇರಿಗೆ ಹೇಳಿಕಳಿಸುತ್ತಾಳೆ. ಈಗ ಮಾರ್ಕೆಟ್ಟಿನಲ್ಲಿ ತರಕಾರಿಯವಳೂ ಇಳಿತಡ ನೋಡಿದ ತಕ್ಕಡಿ ನಮ್ಮದು ಅಂತ ಕೂಗಿ ಮಾರುತ್ತಾಳೆ. ನಿನ್ನ ಕೆಂಪು ಚೀಟಿಯ ನಕಲು ಅಕ್ಕನ ಪರ್ಸಿನಲ್ಲಿದೆ, ಮಡಚಿ ಮಡಚಿ ಹರಿಯುವ ಹಾಗಾಗಿದೆ.

ಇನ್ನೊಂದು ವಿಷಯ. ಎಲ್ಲ ಕಡೆಯೂ ಬಟ್ಟು ಒಂದೊಂದಾಗಿ ಇಳಿಸುತ್ತಾಳೆ. ಕೊನೆಯದನ್ನು ತೆಗೆಯುವಾಗ ಅವಳು ಮುಳ್ಳು ನೋಡುವುದಿಲ್ಲ, ಅಂಗಡಿಯವನ ಮುಖ ನೋಡುತ್ತಾಳೆ, ಇದನ್ನು ಕಂಡುಹಿಡಿದದ್ದು ಯಾರಮ್ಮ ಎಂದು ಅವನು ಕೇಳಲಿ ಅಂತ. ಅವನು ಕೇಳದಿದ್ದರೆ ಅಷ್ಟೂ ಬಟ್ಟುಗಳನ್ನು ಮತ್ತೆ ಮೊದಲಿನಿಂದ ಏರಿಸುತ್ತಾಳೆ.